ಕೆಂಪು ಪೆನ್ಸಿಲಿನ ಗೆರೆಗಳು

ಪರ್ಸ್‌ಪೆಕ್ಟಿವ್, ಅಂದರೆ ಹತ್ತಿರ ದೂರಗಳನ್ನು ಕಣ್ಣಿಗೆ ಕಾಣುವ ಹಾಗೇ ಬಿಡಿಸುವುದನ್ನು, ಕಲಿಯಲೇಬೇಕು ಅಂತ ಹಟ ಹಿಡಿದು ದಿನಕ್ಕೆ ಹತ್ತು ಡಬ್ಬಿ ಬಿಡಿಸತೊಡಗಿದೆ. ಎ4 ಹಾಳೆ, ಪೆನ್ನು, ಬರಿಗೈ; ಸ್ಕೇಲು ಮುಟ್ಟುವಂತಿಲ್ಲ. ಮನೆಯವರೆಲ್ಲ ನೋಡಿ "ಚೆನ್ನಾಗಿದೆ" ಅಂದರು. ಡಬ್ಬಿ ಎಲ್ಲೋ ಸೊಟ್ಟಗಿದೆ ಅಂತ ನನಗೇ ಕಾಣುತ್ತಿತ್ತು, ಎಲ್ಲಿ ಅಂತ ಮಾತ್ರ ತಿಳಿಯುತ್ತಿರಲಿಲ್ಲ. ಎರಡು ವಾರದ ಹಾಳೆಗಳನ್ನು ಕಟ್ಟಿಕೊಂಡು ನಮ್ಮ ಹಳೇ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋದೆ.

ಅವರು ಮಾತೇ ಆಡಲಿಲ್ಲ. ಒಂದು ಡಬ್ಬಿ ಆರಿಸಿಕೊಂಡು, ಸ್ಕೇಲಿಟ್ಟು, ಕೆಂಪು ಪೆನ್ಸಿಲಿನಲ್ಲಿ ಅದರ ಗೆರೆಗಳನ್ನು ಹಿಂದಕ್ಕೆ ಉದ್ದ ಮಾಡುತ್ತಾ ಹೋದರು. ಡಬ್ಬಿಗೆ 12 ಅಂಚು, ನಾಲ್ಕು ನಾಲ್ಕರ ಮೂರು ಗುಂಪು. ಒಂದೊಂದು ಗುಂಪಿನ ನಾಲ್ಕೂ ದೂರ ಹೋದಂತೆ ಒಂದೇ ಬಿಂದುವಿನ ಕಡೆ ಸೇರಬೇಕು. ನನ್ನದರಲ್ಲಿ ಮೂರು ಸೇರಲು ಹೊರಟಿದ್ದವು, ನಾಲ್ಕನೆಯದು ಆಚೆಗೆ ಹೊರಳಿತ್ತು.

"ಹಿಂದಿನ ಮೂಲೆ ಮುಚ್ಚೋಕೆ ಅಂತ ಎಳ್ದಿದೀಯ ಇದನ್ನ. ಬಿಂದು ನೋಡಿ ಎಳ್ದಿಲ್ಲ" ಅಂದರು.

ಉಳಿದ ಹಾಳೆ ತಿರುವಿ ನೋಡಿದೆ. ಎಲ್ಲದರಲ್ಲೂ ಕೊನೆಗೆ ಎಳೆದ ಗೆರೆಯಲ್ಲೇ ತಪ್ಪಿತ್ತು. ಎರಡು ವಾರ ಒಂದೇ ತಪ್ಪನ್ನು ಅಭ್ಯಾಸ ಮಾಡಿದ್ದೆ ಅಂತ ಬೇಸರವಾಯಿತು. ಆದರೆ ತಿದ್ದಬೇಕಾದ ಜಾಗ ಸಿಕ್ಕಿದ್ದಕ್ಕೆ ಆದ ಖುಷಿ ಅದಕ್ಕಿಂತ ದೊಡ್ಡದು.

ಎರಡನೇ ಸಲ ಸಿಕ್ಕಿದ್ದು ಬೇರೆ ತಪ್ಪು. ಗೆರೆಗಳು ಸೇರುವ ಎಡಬಲದ ಎರಡೂ ಬಿಂದುಗಳನ್ನು, ಅಂದರೆ ವ್ಯಾನಿಷಿಂಗ್ ಪಾಯಿಂಟುಗಳನ್ನು, ಹಾಳೆಯೊಳಗೇ ಇಟ್ಟಿದ್ದರಿಂದ ಡಬ್ಬಿಯ ಮುಂದಿನ ಮೂಲೆ ಚೂರಿಯ ಹಾಗೆ ಚೂಪಾಗಿತ್ತು. ಹಾಳೆಯ ಅಕ್ಕಪಕ್ಕ ನ್ಯೂಸ್‌ಪೇಪರ್ ಅಂಟಿಸಿ ಬಿಂದುಗಳನ್ನು ದೂರ ಇಡಿಸಿದರು. ಅಲ್ಲಿ ಗುಂಡುಪಿನ್ನು ಚುಚ್ಚಿ, ದಾರ ಕಟ್ಟಿ ಎಳೆದು ಹಿಡಿದರೆ ಗೆರೆಯ ದಿಕ್ಕು ತಾನೇ ಕಾಣುತ್ತದೆ. ಇಷ್ಟು ಸುಲಭದ ಉಪಾಯ ನನಗೆ ಬೇರೆ ಯಾರೂ ಹೇಳಿರಲಿಲ್ಲ.

15ನೇ ಶತಮಾನದ ಆರಂಭದಲ್ಲಿ ಫ್ಲಾರೆನ್ಸಿನ ವಾಸ್ತುಶಿಲ್ಪಿ ಬ್ರೂನೆಲೆಸ್ಕಿ ತನ್ನ ಚಿತ್ರದ ಹಲಗೆಗೆ ತೂತು ಕೊರೆದು, ಹಿಂದಿನಿಂದ ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಅದನ್ನು ನೋಡುವಂತೆ ಮಾಡಿದ್ದನ್ನು ಅವತ್ತೇ ಹೇಳಿದರು. ಅಂದಿನಿಂದ ನಾನೂ ಪ್ರತಿ ಹಾಳೆಯನ್ನು ಬಚ್ಚಲ ಕನ್ನಡಿಗೆ ಹಿಡಿದು ನೋಡುತ್ತೇನೆ. ಎಡಬಲ ಅದಲುಬದಲಾದಾಗ ಕಣ್ಣಿಗೆ ಒಗ್ಗಿಹೋಗಿದ್ದ ವಾಲು ಥಟ್ಟನೆ ಕಾಣುತ್ತದೆ.

ಈಗ ಕೆಂಪು ಗೆರೆಗಳನ್ನು ಮನೆಯಲ್ಲೇ ಎಳೆದುಕೊಂಡು ಹೋಗುತ್ತೇನೆ. "ಹೇಗಿದೆ ಸಾರ್?" ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಮೊನ್ನೆ ಕೇಳಿದ್ದು "ಈ ಲೋಟದ ತಳ ಯಾಕೆ ಸರಿಯಿಲ್ಲ?" ಅಂತ. ಮೇಷ್ಟ್ರು ಒಳಗಿಂದ ಸ್ಟೀಲ್ ಲೋಟ ತರಿಸಿ, ಅದರ ಬಾಯಿ ನನ್ನ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಎತ್ತಿ ಹಿಡಿದರು. ಬಾಯಿ ಬರೀ ಒಂದು ಗೆರೆ. ನಿಧಾನವಾಗಿ ಇಳಿಸಿದಂತೆ ಬಾಯಿ ತೆರೆದುಕೊಂಡಿತು; ಅದಕ್ಕಿಂತ ಕೆಳಗಿದ್ದ ತಳದ ಅಂಚು ಇನ್ನೂ ದುಂಡಗಾಯಿತು. ಮೇಜಿನ ಮೇಲೆ ಕೂತಿದೆಯಲ್ಲ ಅಂತ ನಾನು ತಳವನ್ನು ಚಪ್ಪಟೆಯಾಗಿ ಬಿಡಿಸಿದ್ದೆ.

ಲೋಟಕ್ಕೆ ಕಾಫಿ ಹಾಕಿಸಿ ಕೊಟ್ಟು, "ಮುಂದಿನ ವಾರ ಇಪ್ಪತ್ತು ಲೋಟ ತಗೊಂಡ್ ಬಾ" ಅಂದರು.