ಗಾಂಜಾ ಕಾನೂನಿಗೆ ಸಹಿ ಸಂಗ್ರಹ: ಓಹಾಯೋದಲ್ಲಿ ಅರ್ಜಿ ಎಲ್ಲಿ ಬೀಳುತ್ತದೆ, ಹೇಗೆ ಉಳಿಯುತ್ತದೆ

ಅಮೆರಿಕದ ಓಹಾಯೋದಲ್ಲಿ 2023ರ ನವೆಂಬರ್ 7ರಂದು ಸುಮಾರು ಶೇ. 57ರಷ್ಟು ಮತದಾರರು ನಾಗರಿಕರು ಸಹಿ ಸಂಗ್ರಹಿಸಿ ಮತಕ್ಕಿಟ್ಟ ಗಾಂಜಾ ಕಾನೂನಿನ ಪ್ರಶ್ನೆ ‘ಇಶ್ಯೂ 2’ಕ್ಕೆ ಹೌದೆಂದರು. 21 ತುಂಬಿದವರಿಗೆ ಗಾಂಜಾ ಕಾನೂನುಬದ್ಧವಾಯಿತು. ಆದರೆ ಆ ಬೇಸಿಗೆಯಲ್ಲಿ ಅದರ ಸಹಿ ಅರ್ಜಿ 679 ಸಹಿ ಸಾಲದೆ ಬಿದ್ದುಹೋಗುವುದರಲ್ಲಿತ್ತು. ಭಾಷಣ, ಜಾಹೀರಾತುಗಳ ಚಿಂತೆ ಆಮೇಲೆ. ಮೊದಲು ಸಹಿ ಹಾಳೆ ಸರಿಯಿರಲಿ.

ಸಂವಿಧಾನ ತಿದ್ದುಪಡಿಯೋ ಸಾಮಾನ್ಯ ಕಾನೂನೋ ಎಂಬುದನ್ನು ಮೊದಲೇ ತೀರ್ಮಾನಿಸಿ. ತಿದ್ದುಪಡಿಗೆ ಹಿಂದಿನ ಗವರ್ನರ್ ಚುನಾವಣೆಯ ಒಟ್ಟು ಮತದ ಶೇ. 10ರಷ್ಟು ಸಹಿ ಬೇಕು. ಕಾನೂನಿಗೆ ಶೇ. 3 ಸಾಕು, ಆದರೆ ಎರಡು ಸುತ್ತು. ಜೊತೆಗೆ, ಗೆದ್ದ ಕಾನೂನನ್ನು ಶಾಸನಸಭೆ ಮುಂದೆ ಬದಲಿಸಬಹುದು. 2015ರ ಗಾಂಜಾ ತಿದ್ದುಪಡಿ ಬೆಳೆಯುವ ಹಕ್ಕನ್ನು ಹತ್ತೇ ಜಾಗಗಳಿಗೆ ಕಟ್ಟಿಹಾಕಿತ್ತು. ಜನ ಅದನ್ನು ಭಾರಿ ಅಂತರದಿಂದ ತಿರಸ್ಕರಿಸಿದರು. ಹಣ ಹಾಕಿದವರಿಗೆ ಏಕಸ್ವಾಮ್ಯ ಕೊಡುವ ಕರಡನ್ನು ಯಾವ ಪ್ರಚಾರವೂ ಉಳಿಸಲಾರದು. 2023ರ ಕರಡು ಅಳತೆಗಳನ್ನು ನೇರವಾಗಿ ಬರೆದಿತ್ತು: ಒಬ್ಬರ ಬಳಿ 2.5 ಔನ್ಸ್, ಒಬ್ಬರಿಗೆ 6 ಗಿಡ, ಒಂದು ಮನೆಗೆ ಹೆಚ್ಚೆಂದರೆ 12, ಮಾರಾಟದ ಮೇಲೆ ಶೇ. 10 ಸುಂಕ.

ಕರಡಿನ ಪೂರ್ಣ ಪಠ್ಯ ಮತ್ತು ಸಾರಾಂಶವನ್ನು 1,000 ಮತದಾರರ ಸಹಿಯೊಂದಿಗೆ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್‌ಗೆ ಕೊಡಿ. ಸಾರಾಂಶ ನ್ಯಾಯಯುತವೂ ಸತ್ಯವೂ ಆಗಿದೆಯೇ ಎಂದು ಅವರು 10 ದಿನದಲ್ಲಿ ಹೇಳಬೇಕು. ಕರಡಿನ ಒಂದು ಅಂಶ ಸಾರಾಂಶದಲ್ಲಿ ಬಿಟ್ಟುಹೋಗಿದ್ದರೂ ತಿರಸ್ಕಾರವಾಗಬಹುದು. ಆಗ ತಿದ್ದಿ, ಮತ್ತೆ 1,000 ಸಹಿಯಿಂದ ಶುರು. ಬಳಿಕ ಮತಪ್ರಶ್ನೆಗಳನ್ನು ಪರಿಶೀಲಿಸುವ ರಾಜ್ಯದ ಬ್ಯಾಲೆಟ್ ಬೋರ್ಡ್ ಇದು ಒಂದೇ ವಿಷಯವೇ ಎಂದು ನೋಡುತ್ತದೆ.

ಮೊದಲ ಸುತ್ತಿನ ಸಹಿಗಳು ಜನವರಿಯ ಅಧಿವೇಶನ ಶುರುವಾಗಲು ಕನಿಷ್ಠ 10 ದಿನ ಮೊದಲು ಸಲ್ಲಿಕೆಯಾದರೆ ಆ ಅಧಿವೇಶನಕ್ಕೆ ಹೋಗುತ್ತವೆ. ಶಾಸನಸಭೆಗೆ 4 ತಿಂಗಳು. ಅದು ಅಂಗೀಕರಿಸದಿದ್ದರೆ ಎರಡನೇ ಶೇ. 3ಕ್ಕೆ ನಿಮಗೆ 90 ದಿನ. ಗಡುವಿನ ಲೆಕ್ಕವನ್ನು ವಕೀಲರಿಂದ ಬರವಣಿಗೆಯಲ್ಲಿ ಪಡೆಯಿರಿ: 2022ರಲ್ಲಿ ಇದೇ ಲೆಕ್ಕದ ತಕರಾರು ನ್ಯಾಯಾಲಯ ತಲುಪಿ, ರಾಜಿಯಾಗಿ, ಇಡೀ ಪ್ರಶ್ನೆ ಒಂದು ವರ್ಷ ಮುಂದಕ್ಕೆ ಹೋಯಿತು.

ಇನ್ನು ಹಾಳೆ. ಒಂದು ಅರ್ಜಿ ಪುಸ್ತಿಕೆಯಲ್ಲಿ ಒಂದೇ ಕೌಂಟಿಯವರ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ) ಸಹಿ ಇರಬೇಕು. ರಾಜಧಾನಿ ಕೊಲಂಬಸ್‌ನ ಜಾತ್ರೆ, ಪಂದ್ಯಗಳಿಗೆ ಸುತ್ತಲಿನ ಕೌಂಟಿಗಳ ಜನ ಬರುತ್ತಾರೆ, ಹಾಗಾಗಿ ಪ್ರತಿ ಸಂಗ್ರಾಹಕನ ಕೈಯಲ್ಲಿ ಹಲವು ಪುಸ್ತಿಕೆಗಳಿರಲಿ, ಪೆನ್ನು ಕೊಡುವ ಮೊದಲು “ನಿಮ್ಮ ಮತ ಯಾವ ಕೌಂಟಿಯಲ್ಲಿದೆ?” ಎಂದು ಕೇಳಲಿ. ಸಹಿ ಶಾಯಿಯಲ್ಲೇ ಆಗಬೇಕು. ವಿಳಾಸ ಮತದಾರರ ಪಟ್ಟಿಯಲ್ಲಿರುವಂತೆಯೇ ಇರಬೇಕು; ಮನೆ ಬದಲಿಸಿ ಪಟ್ಟಿ ಬದಲಿಸದವರಿಂದ ಸಹಿಗಳು ಹೆಚ್ಚು ಪೋಲಾಗುತ್ತವೆ. ಗಂಡ ಹೆಂಡತಿಯ ಪರವಾಗಿ ಹಾಕಿದ ಸಹಿ ನಡೆಯದು. ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವ ನಮ್ಮ ಕನ್ನಡಿಗರು ಬೆಂಬಲವಿದ್ದರೂ ಸಹಿ ಹಾಕಬಾರದು, ಅವರು ಮತದಾರರಲ್ಲ.

ಪ್ರತಿ ಪುಸ್ತಿಕೆಯ ಕೊನೆಯಲ್ಲಿ ಸಂಗ್ರಾಹಕ ತನ್ನೆದುರು ಬಿದ್ದ ಸಹಿಗಳ ಸಂಖ್ಯೆ ಬರೆದು ಸಹಿ ಮಾಡುತ್ತಾನೆ. ಒಳಗೆ 28 ಸಹಿಯಿದ್ದು ಆತ 27 ಎಂದು ಬರೆದರೆ ಹೋಗುವುದು ಒಂದು ಸಹಿಯಲ್ಲ, ಇಡೀ ಪುಸ್ತಿಕೆ. ಆದ್ದರಿಂದ ದಿನದ ಕೊನೆಗೆ ಇನ್ನೊಬ್ಬರು ಎಣಿಸಿ ನೋಡಲೇಬೇಕು.

ಎಷ್ಟು ಸಹಿ ಬೇಕು? 2023ರ ಎರಡನೇ ಸುತ್ತಿಗೆ 1,24,046 ಬೇಕಿತ್ತು. ಸಲ್ಲಿಸಿದ್ದು 2,22,198, ಸಿಂಧುವಾದದ್ದು ಶೇ. 55ರಷ್ಟು ಮಾತ್ರ. ಬೇಕಾದುದರ ಎರಡು ಪಟ್ಟು ಗುರಿಯಿಡಿ. 88 ಕೌಂಟಿಗಳಲ್ಲಿ ಕನಿಷ್ಠ 44ರಲ್ಲಿ, ಅಲ್ಲಿನ ಗವರ್ನರ್ ಮತದ ಶೇ. 1.5ರಷ್ಟು ಸಹಿ ಬಂದಿರಬೇಕು. ದೊಡ್ಡ ನಗರಗಳಲ್ಲೇ ಕೂತರೆ ಮೊತ್ತ ತುಂಬಿದರೂ ಅರ್ಜಿ ಬೀಳುತ್ತದೆ. ಚಿಕ್ಕ ಕೌಂಟಿಗಳಿಂದ ಶುರುಮಾಡಿ, 50 ಮುಟ್ಟಿಸಿ.

ಕೊರತೆ ಬಿದ್ದರೆ ತುಂಬಿಸಿಕೊಳ್ಳಲು 10 ದಿನ ಸಿಗುತ್ತದೆ. 2023ರಲ್ಲಿ ಹೀಗೆ ಸಲ್ಲಿಸಿದ 6,545 ಹೊಸ ಸಹಿಗಳಲ್ಲಿ 4,405 ಸಿಂಧುವಾದವು. ಮೊದಲ ಸಲ್ಲಿಕೆ ಮುಗಿದೊಡನೆ ಸಂಗ್ರಾಹಕರನ್ನು ಮನೆಗೆ ಕಳಿಸಬೇಡಿ. ಚುನಾವಣಾ ಕಚೇರಿಯ ಎಣಿಕೆ ಬರುವವರೆಗೆ ಅವರಿಗೆ ಕೊಡಬೇಕಾದ ಹಣವನ್ನೂ, ಅಚ್ಚಾದ ಪುಸ್ತಿಕೆಗಳನ್ನೂ ತೆಗೆದಿಟ್ಟಿರಿ.