ಅರ್ಧಕ್ಕೇ ನಿಂತ ಮುಳ್ಳು: ಬೈಕಿನ ಪೆಟ್ರೋಲ್ ಗೇಜ್ ನಾನೇ ಸರಿ ಮಾಡಿಕೊಂಡಿದ್ದು

ಹುಲಕೋಟಿ ದಾಟಿ ಅಣ್ಣಿಗೇರಿ ಕಡೆ ಹೊರಟಿದ್ದೆ. ಗಾಡಿ ಎರಡು ಸಲ ಮುಗ್ಗರಿಸಿತು, ಮೂರನೇ ಸಲಕ್ಕೆ ಬಂದ್ ಆಯಿತು. ಮೀಟರ್ ನೋಡಿದರೆ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿದೆ. ಪ್ಲಗ್ ಹೋಗಿರಬೇಕು ಅಂದುಕೊಂಡು ಹತ್ತು ನಿಮಿಷ ಅದರ ಹಿಂದೆ ಬಿದ್ದೆ. ಆಮೇಲೆ ಮುಚ್ಚಳ ತೆಗೆದು ಗಾಡಿ ಅಲುಗಾಡಿಸಿದೆ. ಒಳಗೆ ಸಪ್ಪಳವೇ ಇಲ್ಲ. ಕಡಲೆ ಹೊಲದಿಂದ ಬಂದ ರೈತರೊಬ್ಬರು "ಯಾಕ್ರೀ ಅಣ್ಣಾರ, ಎಣ್ಣಿ ತೀರೇತೇನು?" ಎಂದು ಕೇಳಿ, ತಮ್ಮ ಗಾಡಿ ಮೇಲೆ ಬಂಕಿಗೆ ಕರೆದುಕೊಂಡು ಹೋಗಿ ಮತ್ತೆ ತಂದು ಬಿಟ್ಟರು. ಅವತ್ತು ಅವರು ಸಿಗದಿದ್ದರೆ ಆ ಬಿಸಿಲಿನಲ್ಲಿ ಗಾಡಿ ತಳ್ಳುವುದೇ ಆಗುತ್ತಿತ್ತು.

ಗದಗಿನಲ್ಲಿ ನನ್ನದು ಮೋಟಾರ್ ವೈಂಡಿಂಗ್ ಕೆಲಸ. ಬೋರ್‌ವೆಲ್ ಪಂಪುಗಳೇ ಜಾಸ್ತಿ. ನೀರಿಲ್ಲದೆ ಓಡಿ ಸುಟ್ಟ ಮೋಟಾರ್ ಬಿಚ್ಚುವುದು ನನಗೆ ದಿನದ ಕೆಲಸ. ಅದಕ್ಕೇ ಇದು ಬರೀ ಪೆಟ್ರೋಲ್ ತೀರಿದ ಮಾತಾಗಿ ಕಾಣಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಿಗೆ ಕಾರ್ಬ್ಯುರೇಟರ್ ಹೋಗಿ, ಪಂಪಿನ ಒತ್ತಡದಿಂದ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಬಂತು. ಅದರ ಜೊತೆ, ಪೆಟ್ರೋಲ್ ತೀರಿದಾಗ ತಿರುಗಿಸಿ ಕೊನೆಯ ಉಳಿಕೆ ಬಳಸುತ್ತಿದ್ದ ರಿಸರ್ವ್ ಕಾಕ್ ಕೂಡ ಹೋಯಿತು. ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಮುಳುಗಿರುತ್ತದೆ. ಬೋರಿನಲ್ಲಿ ಮೋಟಾರನ್ನು ನೀರು ತಂಪು ಮಾಡುವ ಹಾಗೆ ಇಲ್ಲಿ ಪಂಪನ್ನು ಪೆಟ್ರೋಲೇ ತಂಪು ಮಾಡುತ್ತದೆ. ಟ್ಯಾಂಕ್ ಪದೇ ಪದೇ ಬರಿದಾದರೆ ಪಂಪಿಗೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಇಂಥ ಗಾಡಿಯಲ್ಲಿ ಆ ಮುಳ್ಳು ಸರಿ ಇರಲೇಬೇಕು.

ಮರುದಿನ ಒಂದು ಗ್ಯಾರೇಜಿಗೆ ಹೋದೆ. ಕೀಲಿ ತಿರುಗಿಸಿ ನೋಡಿ "ಮೀಟರ್ ಹೋಗೇತ್ರಿ, ಪೂರಾ ಸೆಟ್ ಹಾಕಬೇಕು" ಅಂದರು. 2,800 ರೂಪಾಯಿ. ಏನನ್ನೂ ಅಳೆಯದೆ ಹೇಳಿದ ಮಾತು ಅದು, ನನಗೆ ಒಪ್ಪಿಗೆಯಾಗಲಿಲ್ಲ. ಬೆಟಗೇರಿಯಲ್ಲಿ ನನಗೆ ಗೊತ್ತಿರುವ ಹಳೆಯ ಮೆಕ್ಯಾನಿಕ್ ಕಾಕಾ ಇದ್ದಾರೆ, ಈಗ ಕೆಲಸ ಬಿಟ್ಟಿದ್ದಾರೆ. ಅವರು ಒಂದೇ ಮಾತು ಹೇಳಿದರು: "ಮೀಟರ್ ಬಿಚ್ಚೂಕಿಂತ ಮೊದಲ ಟಾಕಿ ಕೆಳಗಿನ ಕಪ್ಲರ್ ಬಿಚ್ಚಿ ನೋಡ ತಮ್ಮಾ. ಬ್ಯಾನಿ ಆ ಕಡೆ ಐತೋ ಈ ಕಡೆ ಐತೋ ಅಲ್ಲೇ ತಿಳಿತೈತಿ." ಕಪ್ಲರ್ ಅಂದರೆ ವೈರುಗಳನ್ನು ಒಂದಕ್ಕೊಂದು ಸಿಕ್ಕಿಸುವ ಜೋಡಣೆ.

ಪೆಟ್ರೋಲ್ ಗೇಜ್ ಕೆಲಸ ಮಾಡುವ ರೀತಿ ಸರಳ. ಟ್ಯಾಂಕಿನೊಳಗೆ ಒಂದು ತೋಳು, ಅದರ ತುದಿಗೆ ಫ್ಲೋಟ್, ಅಂದರೆ ತೇಲುವ ಬುಂಡೆ. ಪೆಟ್ರೋಲ್ ಏರಿದಂತೆ, ಇಳಿದಂತೆ ತೋಳು ಆಡುತ್ತದೆ. ತೋಳಿನ ಬುಡದಲ್ಲಿ ಒಂದು ಸಣ್ಣ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಪಟ್ಟಿಯ ಮೇಲೆ ಸವರುತ್ತದೆ. ರೆಸಿಸ್ಟೆನ್ಸ್ ಅಂದರೆ ಕರೆಂಟಿಗೆ ಇರುವ ಅಡ್ಡಿ, ಅದರ ಅಳತೆ ಓಮ್. ನನ್ನ ಗಾಡಿಯಲ್ಲಿ ಟ್ಯಾಂಕ್ ತುಂಬಿದ್ದರೆ ಓಮ್ ಕಡಿಮೆ, ಖಾಲಿಯಾದರೆ ಜಾಸ್ತಿ. ಕೆಲವು ಗಾಡಿಗಳಲ್ಲಿ ಉಲ್ಟಾ ಇರುತ್ತದೆ, ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಗೇಜಿನ ಒಳಗೆ ತಂತಿ ಸುತ್ತಿದ ಎರಡು ಕಾಯಿಲ್ ಇರುತ್ತವೆ, ಎರಡರ ಸೆಳೆತದ ನಡುವೆ ಮುಳ್ಳು ನಿಲ್ಲುತ್ತದೆ. ಬ್ಯಾಟರಿ ವೋಲ್ಟೇಜ್ ಸ್ವಲ್ಪ ಏರಿದರೂ ಎರಡೂ ಕಾಯಿಲ್‌ಗಳ ಬಲ ಒಟ್ಟಿಗೇ ಏರುವುದರಿಂದ ಮುಳ್ಳು ಕದಲುವುದಿಲ್ಲ. ಎಷ್ಟು ಚೆಂದದ ಕೆಲಸ ನೋಡಿ!

ಕಪ್ಲರ್ ಬಿಚ್ಚಿ ಕೀಲಿ ಹಾಕಿದೆ. ಅರ್ಧಕ್ಕಿದ್ದ ಮುಳ್ಳು ನಿಧಾನವಾಗಿ ಖಾಲಿಗೆ ಇಳಿಯಿತು. ಮೀಟರ್ ಕಡೆಯ ಎರಡು ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದೆ. ಏಳೆಂಟು ಸೆಕೆಂಡಿನಲ್ಲಿ ಮುಳ್ಳು ಪೂರ್ತಿ ಮೇಲೆ ಹೋಯಿತು. ಅಷ್ಟಾದ ಕೂಡಲೇ ವೈರ್ ತೆಗೆದೆ, ಹಾಗೇ ಬಿಡಬಾರದು. ಅಂದರೆ ಗೇಜ್ ಚೆನ್ನಾಗಿದೆ, ಅಲ್ಲಿಯ ತನಕದ ವೈರೂ ಚೆನ್ನಾಗಿದೆ. 2,800 ರೂಪಾಯಿ ಉಳಿದಿದ್ದು ಆ ತುಂಡು ವೈರಿನಿಂದ. ಇನ್ನು ಟ್ಯಾಂಕ್ ಕಡೆಯ ಪಿನ್ನುಗಳಿಗೆ ಮಲ್ಟಿಮೀಟರ್ ಹಚ್ಚಿದೆ. 48 ಓಮ್. ಗಾಡಿ ಅಲುಗಾಡಿಸಿದರೂ 48, ಒಂದು ಲೀಟರ್ ಪೆಟ್ರೋಲ್ ಹಾಕಿದರೂ 48. ತೋಳು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿದೆ ಎಂಬುದು ಖಾತ್ರಿಯಾಯಿತು.

ಟ್ಯಾಂಕ್ ಇಳಿಸುವ ಕೆಲಸವನ್ನು ಅಂಗಡಿಯೊಳಗೆ ಮಾಡಲಿಲ್ಲ. ಅಲ್ಲಿ ಬೆಸುಗೆ ಕಡ್ಡಿ ಇರುತ್ತದೆ, ವಾರ್ನಿಶ್ ಒಣಗಿಸುವ ಹೀಟರ್ ಇರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಗಾಡಿ ನಿಲ್ಲಿಸಿದೆ. ನೀರು ಕಾಸುವ ಒಲೆ ಆರಿಸುವಂತೆ ಮನೆಯವರಿಗೆ ಹೇಳಿದೆ. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುತ್ತದೆ. ಸುಮ್ನೆ ಕಿತ್ತರೆ ಮುಖಕ್ಕೆ ಸಿಡಿಯುತ್ತದೆ. ಮೊದಲು ಪಂಪಿನ ಕಪ್ಲರ್ ತೆಗೆದು, ಇಂಜಿನ್ ತಾನಾಗಿ ಬಂದ್ ಆಗುವ ತನಕ ಓಡಿಸಿದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಆಮೇಲೆ ಪೈಪ್, ಅದೂ ಅರಿವೆ ಸುತ್ತಿ.

ನನ್ನ ಗಾಡಿಯಲ್ಲಿ ಪಂಪ್ ಬೇರೆ, ಫ್ಲೋಟ್ ಯೂನಿಟ್ ಬೇರೆ. ಟ್ಯಾಂಕಿನ ತಳದಲ್ಲಿ ನಾಲ್ಕು ನಟ್. ಎದುರುಬದುರಾಗಿ ಸ್ವಲ್ಪ ಸ್ವಲ್ಪ ಸಡಿಲ ಮಾಡಿದೆ. ಯೂನಿಟ್ ನೇರವಾಗಿ ಎಳೆದರೆ ಬರುವುದಿಲ್ಲ, ಓರೆ ಮಾಡಿ ತಿರುಗಿಸುತ್ತಾ ತೆಗೆಯಬೇಕು. ಅವಸರ ಮಾಡಿದರೆ ತೋಳು ಬಾಗುತ್ತದೆ, ಬಾಗಿದ ತೋಳು ಜೀವನಪೂರ್ತಿ ತಪ್ಪು ತೋರಿಸುತ್ತದೆ.

ಹೊರಗೆ ಬಂದದ್ದನ್ನು ಒಣಗಲು ಬಿಟ್ಟು ಕೈಯಲ್ಲಿ ಹಿಡಿದು ನೋಡಿದೆ. ತೋಳು ಆಡುವ ಕೀಲಿನ ಮೇಲೆ ಕಂದು ಬಣ್ಣದ ಅಂಟು, ಬೆಲ್ಲದ ಪಾಕ ಒಣಗಿದ ಹಾಗೆ. ಬಿಳಿ ಪಟ್ಟಿಯ ಮೇಲೆ ಬಾಚಣಿಗೆಯ ಹಲ್ಲಿನಂತೆ ಸಾಲು ಗೆರೆಗಳಿವೆ. ಅವುಗಳಲ್ಲಿ ನಡುವಿನವು ಕಪ್ಪಾಗಿದ್ದವು. ಬೆರಳಿನಿಂದ ಒತ್ತಿ ತೋಳು ಸರಿಸಿದರೆ 48 ಇದ್ದದ್ದು ಒಮ್ಮೆಲೇ ಮಾಯವಾಗಿ, ಆಮೇಲೆ 70ಕ್ಕೆ ಹಾರಿತು. ಹಿಂದಿನ ಮಳೆಗಾಲದಲ್ಲಿ ಗಾಡಿ ನಾಲ್ಕು ತಿಂಗಳು ನಿಂತೇ ಇತ್ತು. ನಿಂತ ಪೆಟ್ರೋಲ್ ಹಳತಾಗಿ ಅಂಟಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಬೇರೆ, ಅದು ತೇವ ಎಳೆದುಕೊಳ್ಳುತ್ತದೆ.

ಮರಳು ಕಾಗದ ಮುಟ್ಟಿಸಲಿಲ್ಲ. ಆ ಗೆರೆಗಳು ಬಹಳ ತೆಳು, ಉಜ್ಜಿದರೆ ಗೆರೆಯೇ ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಐದು ನಿಮಿಷ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ತೀಡಿದೆ. ಹೀಗೆ ನಾಲ್ಕು ಸಲ. ಕೊನೆಗೆ ತೋಳು ತನ್ನ ಭಾರಕ್ಕೇ ಕೆಳಗೆ ಬಿತ್ತು. ಆ ಕ್ಷಣದ ಖುಷಿ ಹೇಳಲಾರೆ. ಕೆಳಗೆ 96 ಓಮ್, ಪೂರ್ತಿ ಮೇಲೆ 7, ನಡುವೆ ಎಲ್ಲೂ ಹಾರುವುದಿಲ್ಲ. ಫ್ಲೋಟನ್ನೂ ಕಿವಿಯ ಹತ್ತಿರ ಅಲುಗಿಸಿ ನೋಡಿದೆ. ಒಳಗೆ ಪೆಟ್ರೋಲ್ ಹೊಕ್ಕಿದ್ದರೆ ಸಪ್ಪಳ ಬರುತ್ತದೆ, ಅಂಥದ್ದು ಮುಳುಗುತ್ತದೆ. ನನ್ನದು ಚೆನ್ನಾಗಿತ್ತು. ಹಳೆಯ ರಬ್ಬರ್ ಪ್ಯಾಕಿಂಗ್ ಉಬ್ಬಿ ತನ್ನ ಜಾಗದಲ್ಲಿ ಕೂರಲಿಲ್ಲ. 70 ರೂಪಾಯಿಗೆ ಹೊಸದು ತಂದೆ. ಇಲ್ಲಿ ಮಾತ್ರ ದುಡ್ಡು ಉಳಿಸಬೇಡಿ, ಸೋರಿದರೆ ಬಿಸಿ ಇಂಜಿನ್ ಮೇಲೇ ಬೀಳುತ್ತದೆ.

ಜೋಡಿಸಿ, ಸೋರುತ್ತದೆಯೇ ಎಂದು ಅರ್ಧ ತಾಸು ನೋಡಿ, ಮುಳಗುಂದ ನಾಕಾ ತನಕ ಒಂದು ಸುತ್ತು ಹೊಡೆದೆ. ಮುಳ್ಳು ಆಡುತ್ತಿತ್ತು. ಆದರೆ ತಿರುವಿನಲ್ಲಿ ಇಂಡಿಕೇಟರ್ ಹಾಕಿದಾಗ ದೀಪ ಮಿಣುಕಿದಂತೆಲ್ಲ ಮುಳ್ಳೂ ಕೆಳಗೆ ಕುಣಿಯಿತು! ಇದು ಅರ್ಥಿಂಗ್ ತೊಂದರೆ, ಅಂದರೆ ಕರೆಂಟ್ ಫ್ರೇಮಿನ ಮೂಲಕ ಬ್ಯಾಟರಿಗೆ ಮರಳುವ ದಾರಿಯ ತೊಂದರೆ ಎಂದು ಅಲ್ಲೇ ಹೊಳೆಯಿತು. ಹಿಂದೆ ಮುಂದೆ 10 ವಾಟಿನ ಎರಡು ಬಲ್ಬ್, ಸುಮಾರು 1.7 ಆಂಪಿಯರ್. ಅರ್ಥ್ ಬೋಲ್ಟಿನಲ್ಲಿ ಅರ್ಧ ಓಮ್ ಅಡ್ಡ ಬಂದರೂ 0.8 ವೋಲ್ಟ್ ಅಲ್ಲೇ ಕಳೆಯುತ್ತದೆ. ಅದೇ ಅರ್ಥ್ ಟ್ಯಾಂಕಿನ ಫ್ಲೋಟ್ ಯೂನಿಟಿಗೂ ಬೇಕು, ಎರಡು ಕಾಯಿಲ್‌ಗಳಲ್ಲಿ ಅದಕ್ಕೆ ಸೇರಿದ ಒಂದರ ಬಲ ಮಾತ್ರ ತಗ್ಗುವುದರಿಂದ ಮುಳ್ಳು ಕಡಿಮೆ ತೋರಿಸುತ್ತದೆ. ಸೀಟಿನ ಕೆಳಗೆ ಫ್ರೇಮಿಗೆ ಬಿಗಿದ ಬೋಲ್ಟ್ ಬಿಚ್ಚಿದರೆ ಸುತ್ತ ಹಸಿರು ಕಿಲುಬು. ಇಲ್ಲಿ ಮರಳು ಕಾಗದವೇ ಬೇಕು. ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಕುಣಿತ ನಿಂತಿತು.

ಕೊನೆಗೆ ಟ್ಯಾಂಕ್ ಬರಿದು ಮಾಡಿ, ಗಾಡಿಯನ್ನು ದೊಡ್ಡ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಲ್ಲಿಸಿ, ಒಂದೊಂದೇ ಲೀಟರ್ ಅಳೆದು ಹಾಕಿದೆ. ಸೈಡ್ ಸ್ಟ್ಯಾಂಡ್ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ. ಟ್ಯಾಂಕ್ ಫ್ರೇಮಿನ ಮೇಲೆ ಜೀನಿನ ಹಾಗೆ ಕೂತಿರುವುದರಿಂದ ಮುಳ್ಳು ಒಂದೇ ಸಮನೆ ಏರುವುದಿಲ್ಲ. ನನ್ನದರಲ್ಲಿ ಒಂಬತ್ತನೇ ಲೀಟರಿಗೇ ಮೇಲಿನ ಗೆರೆ ಮುಟ್ಟಿತು, ಟ್ಯಾಂಕ್ ಹಿಡಿಯುವುದು 11. ಕೆಂಪು ಪಟ್ಟಿಯ ಮೇಲಿನ ಅಂಚಿಗೆ ಬಂದಾಗ ಒಳಗೆ ಸರಿಯಾಗಿ ಎರಡು ಲೀಟರ್ ಇರುತ್ತದೆ. ಗದಗಿನಿಂದ ಹುಬ್ಬಳ್ಳಿ ಮುಟ್ಟಲು ಅಷ್ಟು ಸಾಕು. ಆದರೂ ಮುಳ್ಳು ಅಲ್ಲಿಗೆ ಬಂತೆಂದರೆ ಎದುರು ಸಿಗುವ ಮೊದಲ ಬಂಕಿಗೇ ಗಾಡಿ ತಿರುಗಿಸುತ್ತೇನೆ.