ಗಡಿಯಾರ ಕೈಬಿಟ್ಟೆ, ಲೆಕ್ಕ ಸರಿಯಾಯ್ತು

ಶಿರಸಿಯ ಒಂದು ಅಡಿಕೆ ಮಂಡಿಗೆ ತೂಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಖರೀದಿ ಕೇಂದ್ರ ಆರು. ಪ್ರತಿ ಕಡೆ ಒಂದು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್, ತೂಕದ ಯಂತ್ರ, ಒಂದೆರಡು ಫೋನು. ನೆಟ್ ಬಂದಾಗ ಸಿಂಕ್. ಒಂದೇ ತೂಕದ ಚೀಟಿಗೆ ಎರಡು ಎಂಟ್ರಿ ಬಂದರೆ ಯಾವುದು ಹೊಸದು ಅಂತ ಗಡಿಯಾರ ನೋಡದೇ ತೀರ್ಮಾನಿಸುತ್ತದೆ. "ಟೈಮ್ ನೋಡದೇ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೆಂಗೆ ಹೇಳ್ತೀಯ ಮಾರಾಯಾ? ಸುಮ್ನೆ ಎನ್‌ಟಿಪಿ ಹಾಕು" ಅಂತ ಬೆಂಗಳೂರಿನ ಗೆಳೆಯರು ನಕ್ಕಿದ್ದರು. (ಎನ್‌ಟಿಪಿ ಅಂದರೆ ನೆಟ್ ಮೂಲಕ ಗಡಿಯಾರ ಸರಿಮಾಡಿಕೊಳ್ಳುವ ವ್ಯವಸ್ಥೆ.) ಎಲ್ಲ ದಾರಿಗೆ ಬಂದ ಮೇಲೆ ಎರಡು ಮಳೆಗಾಲ ದಾಟಿತು. ಒಂದು ಚೀಟಿಯೂ ಹೆಚ್ಚುಕಡಿಮೆ ಆಗಿಲ್ಲ.

ಮೊದಲು ನಾನೂ ಎಲ್ಲರಂತೆ ಮಾಡಿದ್ದೆ: ಯಾವ ಎಂಟ್ರಿಯ ಸಮಯ ಹೊಸದೋ ಅದೇ ಗೆದ್ದಿತು. ಒಂದು ಜುಲೈ ಸಂಜೆ ಹುಲೇಕಲ್‌ನಲ್ಲಿ ಲೈನ್ ಮೇಲೆ ಮರ ಬಿತ್ತು. ಐದು ಚೀಲ ಬಿಳೆಗೋಟು (ಕಡಿಮೆ ದರದ ಅಡಿಕೆ) ಅಂತ 5:50ಕ್ಕೆ ಎಂಟ್ರಿ ಆಗಿತ್ತು, ಶಿರಸಿಗೂ ಹೋಗಿತ್ತು. ಆಮೇಲೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಪೈಗೆ ಸ್ವಂತ ಗಡಿಯಾರ ಇಲ್ಲ, ಗಂಟೆಗೊಮ್ಮೆ ಸಮಯ ಬರೆದಿಟ್ಟುಕೊಳ್ಳುತ್ತದೆ ಅಷ್ಟೇ. ಕೊನೆಗೆ ಬರೆದಿಟ್ಟಿದ್ದು 5:17. ಬೆಳಿಗ್ಗೆ ಎದ್ದಾಗ ಅಲ್ಲಿಂದಲೇ ಎಣಿಸಿತು. ಮಾಲು ಮತ್ತೆ ನೋಡಿ "ಇದು ಚಾಲಿ" ಅಂತ, ಅಂದರೆ ಹೆಚ್ಚು ದರದ್ದು ಅಂತ, ತಿದ್ದಿದಾಗ ಪೈ ಪ್ರಕಾರ 5:25. ಶಿರಸಿಯ ಸರ್ವರ್ ತಿದ್ದುಪಡಿಯನ್ನೇ ಹಳೇದು ಅಂತ ಎಸೆಯಿತು! ಮೂರು ಕ್ವಿಂಟಲ್, ಕ್ವಿಂಟಲ್‌ಗೆ ಎಂಟೊಂಬತ್ತು ಸಾವಿರ ವ್ಯತ್ಯಾಸ. "ತಮಾ, ನಿನ್ನ ಕಂಪ್ಯೂಟರು ನಿನ್ನೆಯಲ್ಲೇ ಕೂತಿದ್ಯಲ್ಲೋ" ಅಂದರು ಮಂಡಿಯ ಯಜಮಾನರು. ಬೆಳೆಗಾರರಿಗೆ ಪೂರ್ತಿ ಕೊಟ್ಟು, ನನ್ನ ಬಿಲ್ಲಿನಲ್ಲಿ ಹಿಡಿದುಕೊಂಡರು.

ಹಟಕ್ಕೆ ಬಿದ್ದು ಪೈಗೆ ಜೋಡಿಸಲು ಸೆಲ್‌ನಲ್ಲಿ ಓಡುವ ಗಡಿಯಾರ, ಆರು ಡಿಎಸ್3231 ಮಾಡ್ಯೂಲ್ ತರಿಸಿದೆ, ತಲಾ ಮುನ್ನೂರರ ಸುಮಾರು. ಅಗ್ಗದ ಬೋರ್ಡು, ಅದರಲ್ಲೇ ಚಾರ್ಜಿಂಗ್ ಸರ್ಕ್ಯೂಟ್. ಅದನ್ನು ನೋಡದೇ, ಚಾರ್ಜ್ ಮಾಡಬಾರದ ಸಾದಾ ಸಿಆರ್2032 ಸೆಲ್ ಹಾಕಿದೆ. ಎರಡು ಸೆಲ್ ಉಬ್ಬಿದವು. ಅದು ಸರಿಯಾದರೂ ಫೋನ್‌ಗಳ ಸಮಯ ಬೇರೆ. ಒಬ್ಬ ಹುಡುಗ ಗೇಮ್‌ನಲ್ಲಿ ಲೈಫ್ ಬೇಗ ಸಿಗಲಿ ಅಂತ ತಾರೀಕನ್ನೇ ಎರಡು ದಿನ ಮುಂದೆ ಹಾಕಿಕೊಂಡಿದ್ದ!

ಆಗ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಹೇಳಿದ್ದಕ್ಕೇ ಬಂದೆ: ಸಮಯದ ಬದಲು ಪ್ರತಿ ಕೇಂದ್ರಕ್ಕೂ ಒಂದು ಎಣಿಕೆ. ಕೆಲಸ ಆದಾಗೆಲ್ಲ ಎಣಿಕೆ ಒಂದು ಏರುತ್ತದೆ. ಬೇರೆಯವರ ಸುದ್ದಿ ಬಂದರೆ ಅವರ ಎಣಿಕೆ, ನಿನ್ನ ಎಣಿಕೆ ಎರಡರಲ್ಲಿ ದೊಡ್ಡದಕ್ಕೆ ಒಂದು ಸೇರಿಸು. ಹುಲೇಕಲ್ ರೋಗ ಅಲ್ಲಿಗೇ ವಾಸಿ. ಆದರೆ ಸಿದ್ದಾಪುರದವರೂ ಶಿರಸಿಯವರೂ ಒಬ್ಬರಿಗೊಬ್ಬರಿಗೆ ತಿಳಿಯದೇ ಒಂದೇ ಚೀಟಿ ತಿದ್ದಿದರೆ? ಲ್ಯಾಂಪೋರ್ಟ್ ಎಣಿಕೆ ಒಂದನ್ನು ಮುಂದೆ, ಒಂದನ್ನು ಹಿಂದೆ ಇಡುತ್ತದೆ. ಅವೆರಡಕ್ಕೂ ಸಂಬಂಧವೇ ಇಲ್ಲ ಅಂತ ಹೇಳುವುದಿಲ್ಲ.

ಹಾಗಾಗಿ ವೆಕ್ಟರ್, ಅಂದರೆ ಎಣಿಕೆಗಳ ಸಾಲು. ಚೀಟಿಗೆ ಆರು ಅಂಕಿ, ಕೇಂದ್ರಕ್ಕೊಂದು: ಆ ಕೇಂದ್ರದ ಎಷ್ಟನೇ ಎಣಿಕೆವರೆಗೆ ಸುದ್ದಿ ಗೊತ್ತು ಅಂತ. ಸಿದ್ದಾಪುರದ್ದು 3,1,0,0,0,0, ಶಿರಸಿಯದ್ದು 2,2,0,0,0,0 ಅಂತಿಟ್ಟುಕೊಳ್ಳಿ. ಯಾವುದೂ ಇನ್ನೊಂದನ್ನು ಪೂರ್ತಿ ಮೀರಿಲ್ಲ, ಅಂದರೆ ಇಬ್ಬರಿಗೂ ಇನ್ನೊಬ್ಬರದ್ದು ಗೊತ್ತಿರಲಿಲ್ಲ. ಅಂಥದ್ದನ್ನು ಯಂತ್ರ ಮುಟ್ಟುವುದೇ ಇಲ್ಲ. ಎರಡನ್ನೂ ಕೆಂಪಾಗಿ ತೋರಿಸುತ್ತದೆ, ಗುಮಾಸ್ತರು ಫೋನ್ ಮಾಡಿ ಒಂದನ್ನು ಆರಿಸುತ್ತಾರೆ. ತಿಂಗಳಿಗೆ ನಾಲ್ಕೈದು ಬಂದರೆ ಜಾಸ್ತಿ.

ಮೊದಲು ಫೋನ್‌ಗಳಿಗೂ ಒಂದೊಂದು ಅಂಕಿ ಕೊಟ್ಟು ಕೆಟ್ಟೆ. ಹುಡುಗರು ಫೋನ್ ಬದಲಿಸಿದಾಗೆಲ್ಲ ಪಟ್ಟಿ ಬೆಳೆದು ನಲವತ್ತು ದಾಟಿತು. ಈಗ ಫೋನ್ ಏನಿದ್ದರೂ ಆ ಕೇಂದ್ರದ ಪೈ ಮೂಲಕವೇ ಬರೆಯಬೇಕು. ಹಳೇ ಅಂಕಿಗಳನ್ನು ಲೆಕ್ಕ ಕೆಡದ ಹಾಗೆ ಕಿತ್ತೆಸೆದಿದ್ದು ಹೇಗೆ ಅನ್ನುವುದು ನನ್ನ ಹೊಟ್ಟೆಪಾಡು, ಬಿಡಿ.

ನಿಜವಾಗಿ ನಿದ್ದೆ ಕೆಡಿಸಿದ್ದು ಬನವಾಸಿಯ ಮೆಮೊರಿ ಕಾರ್ಡ್. ಕೆಟ್ಟಿತು, ವಾರದ ಹಿಂದಿನ ಬ್ಯಾಕಪ್ ಹಾಕಿದೆ. ಎಣಿಕೆ 412ಕ್ಕೋ ಏನೋ ವಾಪಸ್ ಹೋಯ್ತು, ಅದೇ ನಂಬರು ಎರಡನೇ ಸಲ ಬೇರೆ ಚೀಟಿಗೆ ಬಿತ್ತು. ಎರರ್ ಇಲ್ಲ, ಏನಿಲ್ಲ. ಉಳಿದ ಕೇಂದ್ರಗಳು "ಇದು ನಮಗೆ ಗೊತ್ತು" ಅಂತ ಹೊಸ ಚೀಟಿಗಳನ್ನು ಸುಮ್ಮನೆ ಬಿಟ್ಟವು. ಹುಡುಕಲು ಹನ್ನೊಂದು ದಿನ ಹಿಡಿಯಿತು. ಈಗ ಬ್ಯಾಕಪ್‌ನಿಂದ ಎದ್ದ ಪೈ ಹೊಸ ಹೆಸರಲ್ಲೇ ಹುಟ್ಟಬೇಕು, ಬೇರೆ ದಾರಿ ಇಲ್ಲ.

ನಡುವೆ ಒಂದು ಆಟವನ್ನೂ ಆಡಿದೆ. ಯಲ್ಲಾಪುರದ ಡೇಟಾ ಪೆನ್‌ಡ್ರೈವ್‌ನಲ್ಲಿ ಬಸ್ಸಿಗೆ ಕೊಟ್ಟು ಕಳಿಸಿದೆ. ಮೂರು ದಿನ ತಡವಾಗಿ, ಹಿಂದುಮುಂದಾಗಿ ಬಂದರೂ ಸರಿಯಾಗಿ ಕೂತಿತು. ರಸೀದಿಯಲ್ಲಿ ತಾರೀಕು ಅಚ್ಚಾಗುತ್ತದೆ, ಆದರೆ ಅದು ಬೆಳೆಗಾರರು ನೋಡಲಿಕ್ಕೆ ಮಾತ್ರ.

ಆರು ಮಾಡ್ಯೂಲ್ ಡ್ರಾಯರಿನಲ್ಲೇ ಬಿದ್ದಿವೆ. ಬೇಕಾದವರು ತಗೊಂಡು ಹೋಗಿ, ಸೆಲ್ ಮಾತ್ರ ನೀವೇ ನೋಡಿ ಹಾಕಿಕೊಳ್ಳಿ.